ಪಾತ್ರೆ ತಳದ ಅನ್ನ

ಚಪ್ಪಲಿ ಕಚ್ಚಿ ಎಡಗಾಲಿನ ಹೆಬ್ಬೆರಳಿಗೆ ಆದ ಹುಣ್ಣು ಮಳೆಗಾಲ ಮುಗಿದರೂ ಒಣಗಲಿಲ್ಲ. ರಾಬರ್ಟ್‌ಸನ್‌ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆಯ ಚೀಟಿ ನೋಡಿದ ಅವರು, "ಸಕ್ಕರೆ ಹೀಗೇ ಇದ್ದರೆ ಬೆರಳು ಉಳಿಯೋದು ಕಷ್ಟ. ಅನ್ನ ಒಂದು ಬಟ್ಟಲು, ಅಷ್ಟೇ," ಎಂದರು.

ಅಂದಿನಿಂದ ತಟ್ಟೆಗೆ ಒಂದೇ ಬಟ್ಟಲು ಬಡಿಸಿಕೊಂಡೆ. ಬೆಳಿಗ್ಗೆ ಯಜಮಾನರನ್ನು ಕೆಲಸದ ರೈಲಿಗೆ ಕಳಿಸಿದ ಮೇಲೆ ಮೊಣಕಾಲೂರಿ, "ಸ್ವಾಮಿ, ನನ್ನ ನಾಲಿಗೆಗೆ ಹತೋಟಿ ಕೊಡು," ಎಂದು ಬೇಡುತ್ತಿದ್ದೆ. ಆದರೂ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ. ಡಾಕ್ಟರು ಹೇಳಿದಷ್ಟೇ ತಿಂತೀರಾ ಎಂದು ಕೇಳಿದರು. ಹೌದು ಎಂದೆ. ನಿಜವನ್ನೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ.

ಮನೆಗೆ ಬಂದಾಗ ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಪ್ರಾರ್ಥನೇನೂ ಮಾಡ್ತೀನಿ, ಒಂದೇ ಬಟ್ಲು ಉಣ್ತೀನಿ. ಆದ್ರೂ ಇಳೀಲಿಲ್ಲ ಅತ್ತೆ," ಎಂದೆ.

"ತಟ್ಟೇಲಿ ಒಂದು ಬಟ್ಲು. ಪಾತ್ರೇಲಿ?"

ನನಗೆ ತಿಳಿಯಲಿಲ್ಲ.

"ಎಲ್ರೂ ಉಂಡೆದ್ದ ಮೇಲೆ ನಿಂತ್ಕೊಂಡು ತಳ ಬಳ್ದು ಬಳ್ದು ಬಾಯಿಗೆ ಆಕ್ಕೊಂತೀಯಲ್ಲ, ಅದು ಯಾರ ಒಟ್ಟೆಗೆ ಓಗ್ತದೆ? ನನ್ನ ಒಟ್ಟೆಗಾ?"

ಅದನ್ನು ನಾನು ಊಟವೆಂದು ಎಣಿಸಿಯೇ ಇರಲಿಲ್ಲ. ಮದುವೆಯಾದಂದಿನಿಂದ ಅದು ನನಗೆ ಪಾತ್ರೆ ತೊಳೆಯುವ ಕೆಲಸದ ಒಂದು ಭಾಗ.

"ಅನ್ನ ಬಿಸಾಕಬಾರದಲ್ಲತ್ತೆ. ಬೈಬಲಲ್ಲಿ ಐದು ರೊಟ್ಟಿ ಐದು ಸಾವಿರ ಜನಕ್ಕೆ ಹಂಚಿದ ಮೇಲೆ ಸ್ವಾಮೀನೇ ಮಿಕ್ಕ ಚೂರು ಎತ್ತಿಡಿಸಲಿಲ್ವಾ?"

"ಬುಟ್ಟೀಲಿ ಎತ್ತಿಡಿಸಿದ್ರು ಕಣಮ್ಮ. ಸೊಸೆ ಒಟ್ಟೇಲಿ ಅಲ್ಲ."

ನಗು ಬಂತು. ಆಮೇಲೆ ಬೆರಳಿನ ಬ್ಯಾಂಡೇಜು ನೋಡಿದೆ, ನಗು ನಿಂತಿತು.

ನಮ್ಮ ಮನೆಯಲ್ಲಿ ಅಡುಗೆಗೆ ಮೊದಲು ಅಕ್ಕಿಯಿಂದ ಒಂದು ಹಿಡಿ ತೆಗೆದು ಚರ್ಚಿನ ಡಬ್ಬಕ್ಕೆ ಹಾಕುವ ಪದ್ಧತಿ ಇದೆ. ಕೂಡಿದ ಅಕ್ಕಿ ಭಾನುವಾರ ಇಲ್ಲದವರ ಮನೆಗೆ ಹೋಗುತ್ತದೆ. ಊರಿನ ಚಿನ್ನದ ಗಣಿ ಮುಚ್ಚಿ ಮಾವನವರ ಕೆಲಸ ಹೋದಾಗಲೂ ಅತ್ತೆ ಇದನ್ನು ತಪ್ಪಿಸಿರಲಿಲ್ಲ. ನಾನೂ ತಪ್ಪಿಸಿದವಳಲ್ಲ. ಆದರೆ ಯಾರಿಗೂ ಕಡಿಮೆಯಾಗದಿರಲಿ ಎಂದು, ಹಿಡಿ ತೆಗೆದ ಮೇಲೆ ಅಳತೆಯ ಪಾವನ್ನು ಮತ್ತೆ ತಲೆಮಟ್ಟ ತುಂಬಿಸುತ್ತಿದ್ದೆ. ಆ ಹೆಚ್ಚಿನ ಅಕ್ಕಿಯೇ ಮಧ್ಯಾಹ್ನ ತಳದ ಅನ್ನವಾಗಿ ನನಗಾಗಿ ಕಾದಿರುತ್ತಿತ್ತು.

ಮರುದಿನ ಹಿಡಿ ತೆಗೆದೆ, ಮತ್ತೆ ತುಂಬಿಸಲಿಲ್ಲ. ಕೈಗೆ ಹಿಂಸೆ ಎನಿಸಿತು.

"ಯಾರಾದ್ರೂ ಬಂದ್ರೆ?" ಎಂದು ಅತ್ತೆಯನ್ನು ಕೇಳಿದೆ.

"ಬಂದ್ರೆ ಇನ್ನೊಂದು ಮುದ್ದೆ ಮಾಡು. ಬರದೇ ಇರೋರ ಪಾಲು ನೀನ್ಯಾಕೆ ಉಣ್ತೀಯ?"

ಊಟವಾದ ಮೇಲೆ ಕೈ ತಾನಾಗಿ ಪಾತ್ರೆಗೆ ಹೋಗುತ್ತಿತ್ತು. ತಳದಲ್ಲಿ ನಾಲ್ಕು ಅಗುಳಿದ್ದರೂ ಸಾಕು. ಅದಕ್ಕೆ ಕೊನೆಯವರಿಗೆ ಬಡಿಸಿದ ಕೂಡಲೇ ಮಿಕ್ಕಿದ್ದನ್ನು ಹಿತ್ತಲಿನ ಕೋಳಿಗೆ ಹಾಕಿ, ಪಾತ್ರೆಗೆ ನೀರು ಸುರಿದುಬಿಡುವುದನ್ನು ರೂಢಿ ಮಾಡಿಕೊಂಡೆ. ಕೆಲವು ದಿನ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲ. ಹತೋಟಿಯನ್ನು ನಾನು ಬೆಳಿಗ್ಗೆ ಬೇಡುತ್ತಿದ್ದೆ, ಅದು ಬೇಕಾಗಿದ್ದು ಮಧ್ಯಾಹ್ನ, ಪಾತ್ರೆ ತೊಳೆಯುವ ಜಾಗದಲ್ಲಿ. ಈಗ ಅಲ್ಲಿ ನಿಂತೇ ಪ್ರಾರ್ಥಿಸುತ್ತೇನೆ. ಸೋಪಿನ ಕೈಯಲ್ಲಿ ಮಾಡಿದ ಪ್ರಾರ್ಥನೆಯನ್ನೂ ದೇವರು ಕೇಳುತ್ತಾನೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಸಕ್ಕರೆ ಇಳಿಯಿತು. ಬ್ಯಾಂಡೇಜು ಬಿಚ್ಚಿದ ನರ್ಸ್, "ಚರ್ಮ ಕೂಡ್ಕೊಂತಾ ಐತೆ. ಬೆರಳಿಗೆ ಇನ್ನು ಭಯ ಇಲ್ಲಕ್ಕ," ಎಂದಳು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅದನ್ನೂ ದೇವರ ಲೆಕ್ಕಕ್ಕೇ ಸೇರಿಸಿದೆ.

ಅತ್ತೆಗೆ ಹೇಳಿದಾಗ, "ದೇವರಿಗೆ ಸ್ತೋತ್ರ," ಎಂದರು. ಹಿತ್ತಲ ಕಡೆ ನೋಡಿ, "ಆ ಕೋಳಿಗೂ ನೋಡ್ಕೊಂಡು ಆಕಮ್ಮ, ಅದೂ ಊದ್ಕೊಂತಾ ಐತೆ," ಎಂದರು.

ಆ ಭಾನುವಾರ ಹಿಡಿ ಅಕ್ಕಿಯ ಚೀಲ ಹಿಡಿದು ಚರ್ಚಿಗೆ ನಡೆದೇ ಹೋದೆ. ಹುಣ್ಣಾದಾಗಿನಿಂದ ಆಟೋದಲ್ಲಿ ಹೋಗುತ್ತಿದ್ದವಳು. ಹೆಬ್ಬೆರಳನ್ನು ಪೂರ್ತಿ ಊರಿ ನಡೆದೆ, ನೋಯಲಿಲ್ಲ.