ಅಮ್ಮ ಬಂದ ಮನೆಯಲ್ಲಿ ಸೂಜಿ

ನನ್ನ ದೊಡ್ಡಮ್ಮನಿಗೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಎಪ್ಪತ್ತರ ದಶಕದ ಮಧುಗಿರಿಯಲ್ಲಿ ಅದು ಸಾಹುಕಾರರ ಕಾಯಿಲೆ. ಕೋರ್ಟಿನ ಅಮೀನನ ಹೆಂಡತಿಗೆ ಹೆಂಗೆ ಬಂತು ಅಂತ ಜನಕ್ಕೆ ಆಶ್ಚರ್ಯ. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಇನ್ಸುಲಿನ್ ಸೀಸೆ ಮಡಕೆ ನೀರಿನ ತಂಪಿನಲ್ಲಿರುತ್ತಿತ್ತು. ಬೆಳಿಗ್ಗೆ ದೊಡ್ಡಪ್ಪ ಗಾಜಿನ ಸಿರಿಂಜು ಕುದಿಸಿ, ಚುಚ್ಚಿ, ಆಮೇಲೆ ಕಾಫಿಗೆ ನೀರಿಡುತ್ತಿದ್ದರು. "ನಮ್ಮನೆಯವ್ರು ಒಂದಿನಾನೂ ಚುಚ್ಚಿ ಮಾತಾಡಿಲ್ಲ ಕಣಮ್ಮಿ, ಬರೀ ಚುಚ್ತಾರೆ ಅಷ್ಟೆ" ಎಂದು ದೊಡ್ಡಮ್ಮ ನಗುತ್ತಿದ್ದಳು. ಟೀಚರ್ ಟ್ರೈನಿಂಗಿಗೆಂದು ಅವರ ಮನೆಯಲ್ಲಿದ್ದ ನನಗೆ ಆ ನಗು ಕೇಳದೆ ಬೆಳಗಾಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವಳಿಗೆ ಅಮ್ಮ ಆಯಿತು. ಚಿಕನ್‌ಪಾಕ್ಸ್ ಎಂದರು ಡಾಕ್ಟರು. ಮನೆಯಲ್ಲಿ ಯಾರೂ ಹಾಗನ್ನಲಿಲ್ಲ. ನಿಡುಗಲ್ಲಿನಿಂದ ಅವಳ ತಾಯಿ ಬಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, "ಸೂಜಿ ಸೋಕಿಸ್ಬ್ಯಾಡಿ, ಅಮ್ಮ ಮೈಮ್ಯಾಲವ್ಳೆ" ಎಂದರು. ತಂಪಾಗಲೆಂದು ಬೆಲ್ಲದ ಪಾನಕ ಬೇರೆ! ಜ್ವರದಲ್ಲಿ ಇಂಜೆಕ್ಷನ್ ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು.

ಅಜ್ಜಿಯನ್ನು ಹೇಗೋ ಒಪ್ಪಿಸಬಹುದಿತ್ತು. ಒಪ್ಪದವಳು ದೊಡ್ಡಮ್ಮ. ದೊಡ್ಡಪ್ಪ ಸಿರಿಂಜು ಹಿಡಿದು ಬಂದರೆ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಚುಚ್ಚಿದ್ರೆ ಅವ್ಳಿಗೇ ಚುಚ್ಚಿದಂಗೆ ಆಯ್ತದೆ. ದಿನಾ ಚುಚ್ಚಿಸ್ಕಂಡಿದ್ಕೇ ಅವ್ಳು ಬಂದಿರಾದು" ಎಂದು ಗೋಡೆ ಕಡೆ ತಿರುಗಿದಳು. ನಾಲಿಗೆ ಒಣಗಿತು, ವಾಂತಿ ಶುರುವಾಯಿತು. ಕರೆದರೆ ಓಗೊಡುತ್ತಿರಲಿಲ್ಲ, ಸುಮ್ಮನೆ ಕಣ್ಣೀರು. ಅಷ್ಟು ನಗುತ್ತಿದ್ದವಳು ಹಾಗೆ ಮಲಗಿದ್ದಳು.

ದೊಡ್ಡಪ್ಪನಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎದ್ದು ಹೊರಗೆ ಹೋದರು. ಅಜ್ಜಿ ಬೇವಿನ ಸೊಪ್ಪು ತರಲು ಹೋಗಿದ್ದಾಗ ವಾಪಸ್ಸು ಬಂದರು, ಕೈಯಲ್ಲೊಂದು ಕಣಗಿಲೆ ಹೂವು.

"ಮಾರಮ್ಮನ ಗುಡೀಲಿ ಹೂವು ಕೇಳ್ದೆ ಕಣೆ. ಬಲಕ್ಕೇ ಕೊಟ್ಳು."

ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದರ್ಥ. ದೊಡ್ಡಮ್ಮ ಹೂವು ನೋಡಿದಳು, ಅವರ ಮುಖವನ್ನು ಬಹಳ ಹೊತ್ತು ನೋಡಿದಳು, ತೋಳು ಚಾಚಿದಳು. ಮಗಳೇ ಒಪ್ಪಿದ ಮೇಲೆ ಅಜ್ಜಿಯೂ ಸುಮ್ಮನಾದರು.

ದೊಡ್ಡಮ್ಮ ಬದುಕಿದಳು. ನಗು ಮಾತ್ರ ಮರಳಲಿಲ್ಲ. ಸೂಜಿ ತಾಗುವ ಮುಂಚೆ ಕಣ್ಣು ಮುಚ್ಚಿ ಏನೋ ಗೊಣಗುವಳು. ಊಟ ಸೇರದು, ನಿದ್ದೆ ಬಾರದು. ಡಾಕ್ಟರು ಟಾನಿಕ್ ಬರೆದುಕೊಟ್ಟರು. "ಗಂಡ ಇಂಗೆ ನೋಡ್ಕಂಡ್ರೂ ಮೂತಿ ಊದಿಸ್ಕಂಡವ್ಳೆ" ಎಂದರು ಬೀದಿಯವರು. ಅವರ ಬಾಯಿಗೆ ಬೇವು ತುರುಕಬೇಕು ಅನ್ನಿಸುತ್ತಿತ್ತು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಕಾಯಿ ಸುಲಿಯುತ್ತಾ ನಾನೇ ಕೇಳಿದೆ: "ಇನ್ನೂ ಯಾಕೆ ಹೆದರ್ತೀಯಾ ದೊಡ್ಡಮ್ಮ? ಅಮ್ಮನೇ ಹೂವು ಕೊಟ್ಟಳಲ್ಲ?"

"ಯಾವ ಹೂವಮ್ಮಿ? ಅಮ್ಮ ಇಳಿದು ಮೈಗೆ ನೀರು ಹಾಕೋಗಂಟ ಆ ಮನೆಯೋರು ಗುಡಿ ಹೊಸ್ಲು ತುಳಿಯಂಗಿಲ್ಲ. ಗಂಡಸ್ರು, ಪಾಪ, ಅವ್ರಿಗೆಲ್ಲಿ ಗೊತ್ತು. ಎಲ್ಲೋ ಬೇಲೀಲಿ ಕಿತ್ಕಂಡ್ ಬಂದವ್ರೆ."

"ಗೊತ್ತಿದ್ದೂ ತೋಳು ಕೊಟ್ಯಾ?"

"ಸುಳ್ಳೇ ಹೇಳಕ್ಕೆ ಬರದ ಮನುಸ್ಯ, ದ್ಯಾವ್ರ ಮ್ಯಾಲೆ ಸುಳ್ಳೇಳಿ ಅಂಗೆ ನಿಂತಿದ್ರಲ್ಲ, ನೋಡಕ್ಕಾಗ್ಲಿಲ್ಲ." ಅವಳ ಕೈ ನಿಂತಿತು. "ನನ್ ಜೀವ ಇರ್ಲಿ ಬುಡು. ಆ ತಪ್ಪು ಅವ್ರ ಮ್ಯಾಲೆ ಬೀಳ್ದಿರ್ಲಿ ಅಂತ ದಿನಾ ಕೇಳ್ಕತೀನಿ."

ಒಳಗೆ ದೊಡ್ಡಪ್ಪ ಒಂದು ಸಲ ಕೆಮ್ಮಿದರು. ಅವಳು ಮಡಿಲ ಕಾಯನ್ನೆಲ್ಲ ಚೆಲ್ಲಿ ಅವರ ಹಣೆ ಮುಟ್ಟಿ ನೋಡಲು ಓಡಿದಳು.