ಧೂಮಕೇತುವಿಗೆ ಮೂರು ಒಲೆಕಲ್ಲು

ಪುಟ್ಟಬಸಮ್ಮ ಯಶೋಧರಾಳನ್ನು ಮೊದಲು ಕಂಡದ್ದು ಹೆಮ್ಮರಗಾಲದ ತನ್ನ ಹೊಲದ ಪಡುವಣ ಬದುವಿನ ಮೇಲೆ. ಹೊತ್ತು ಆಗ ತಾನೇ ಮುಳುಗಿತ್ತು. ನೀಲಿ ಚೂಡಿದಾರದ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು, ದೂರದರ್ಶಕ ಹೊತ್ತ ಮುಕ್ಕಾಲಿ ಸ್ಟ್ಯಾಂಡಿನ ಮುಂದೆ ಮಂಡಿಯೂರಿದ್ದಳು. ಸ್ಟ್ಯಾಂಡಿನ ಕಾಲುಗಳಡಿ ಮೂರು ಕಲ್ಲು ನೆಟ್ಟಿತ್ತು. ಮೂರಕ್ಕೂ ಸುಣ್ಣ ಬಳಿದಿತ್ತು.

ಸುಣ್ಣ ಕಂಡದ್ದೇ ಪುಟ್ಟಬಸಮ್ಮ ಬಿರಬಿರನೆ ಹತ್ತಿರ ಬಂದಳು. ತಂಗಿಯ ಊರಿನಲ್ಲಿ ಫ್ಯಾಕ್ಟರಿಗೆಂದು ಜಮೀನು ಹೋದಾಗಲೂ ಮೊದಲು ಬಂದದ್ದು ಸರ್ವೆಯವರ ಇಂಥದೇ ಸ್ಟ್ಯಾಂಡು, ಆಮೇಲೆ ಸುಣ್ಣದ ಕಲ್ಲು. ನೋಟೀಸು ಬಂದದ್ದು ಕೊನೆಗೆ.

"ಯಾರವ್ವ ನೀನು? ಯಾರ್ನ ಕೇಳಿ ಕಲ್ಲು ನೆಟ್ಟೆ?"

"ಯಶೋಧರಾ ಅಂತ ಕಣಮ್ಮ. ತಗಡೂರು ಚಿಕ್ಕಮಾದು ಮಗಳು. ನರಸೀಪುರದ ಕಾಲೇಜಲ್ಲಿ ಪಾಠ ಮಾಡ್ತೀನಿ. ಮಹದೇವಣ್ಣನ್ನ ಕೇಳಿದ್ದೆ."

ಮಹದೇವ ಪುಟ್ಟಬಸಮ್ಮನ ಮಗ, ಅದೇ ಕಾಲೇಜಿನ ಅಟೆಂಡರ್. ಮನೆಯಲ್ಲಿ ಅವನು ತುಟಿ ಬಿಚ್ಚಿರಲಿಲ್ಲ. ಒಳಗೊಳಗೇ ಜಮೀನು ಒಪ್ಪಿಸಿಬಿಟ್ಟನೋ ಹೇಗೆ?

"ಏನ ಅಳೀತಿದ್ದೀಯೆ?"

"ಬಾಲದ ಚುಕ್ಕಿಯ. ಬಾಲ ಇನ್ನೂ ಬಂದಿಲ್ಲ, ಬೋ ದೂರದಲ್ಲಿ ಅದೆ."

"ಬಾಲ ಇಲ್ದೆ ಇರೋ ಬಾಲದ ಚುಕ್ಕಿ. ನನ್ನ ಕಿವಿ ಮೇಲೆ ಹೂವ ಮಡಗ್ಬೇಡ."

ಆ ರಾತ್ರಿ ಊಟಕ್ಕೆ ಕೂತ ಮಗನನ್ನು ಕೇಳಿದಳು. "ಮರ್ತೋಗಿತ್ತು ಕಣವ್ವ" ಎಂದ.

"ಜಮೀನು ಮಾರೋರು ಮೊದ್ಲು ಮರೆಯೋದೇ ಅವ್ವನ್ನ."

ಬೆಳಗಾಗುತ್ತಲೇ ಆ ಕಲ್ಲುಗಳನ್ನು ಕಿತ್ತು ನಾಲೆಗೆ ಎಸೆದಳು.

ಸಂಜೆ ಬಂದ ಯಶೋಧರಾ ಖಾಲಿ ಗುಳಿಗಳನ್ನು ನೋಡಿ, ಅಲ್ಲೇ ಕಾದಿದ್ದ ಪುಟ್ಟಬಸಮ್ಮನ ಮುಂದೆ ಬದುವಿನ ಮೇಲೆ ಕೂತಳು. ಆಕಾಶದ ತಿರುಗಾಟಕ್ಕೆ ದೂರದರ್ಶಕವನ್ನು ಹೊಂದಿಸಿ, ಮತ್ತೆ ಮತ್ತೆ ಅಲ್ಲೇ ಇಡಲು ಆ ಗುರುತು ಹಾಕಿದ್ದಳು. ಧೂಮಕೇತು ದಿನದಿನಕ್ಕೆ ಮುಳುಗುವ ಸೂರ್ಯನ ಬೆಳಕಿನತ್ತ ಇಳಿಯುತ್ತಿತ್ತು. ಇನ್ನು ಕೆಲವೇ ಸಂಜೆ, ಆಮೇಲೆ ಕಾಣುವುದಿಲ್ಲ.

"ನಾವು ಕಂಡಿರೋದು ಅದರ ದಾರೀಲಿ ಒಂದು ತುಂಡು ಅಷ್ಟೆ ಕಣಮ್ಮ. ಬದು ಒಂದು ಮಾರು ಕಂಡ್ರೆ ಹೊಲ ಎತ್ತ ತಿರುಗ್ತದೆ ಅಂತ ಹೇಳಕಾಯ್ತದಾ? ಉದ್ದಕ್ಕೂ ಕಂಡಷ್ಟು ಲೆಕ್ಕ ಸರಿ ಬತ್ತದೆ. ಅದು ತಿರುಗಿ ಬತ್ತದೋ, ಹೋಗೇಬಿಡ್ತದೋ ಅಂತ."

"ಬಂದ್ರೆ ಯಾವಾಗ?"

"ಸಾವಿರಾರು ವರ್ಷಕ್ಕೆ."

"ಅಷ್ಟೊತ್ಗೆ ಈ ಹೊಲ ಯಾರ ಹೆಸರಲ್ಲಿರ್ತದೋ" ಎಂದ ಪುಟ್ಟಬಸಮ್ಮ ದೂರದರ್ಶಕದತ್ತ ಕೈ ತೋರಿ, "ಅದ್ನ ನನ್ನ ಹೊಲದ ಕಡೀಕೆ ತಿರುಗ್ಸು, ನೋಡವ" ಎಂದಳು.

ಯಶೋಧರಾ ಸ್ಟ್ಯಾಂಡು ನಿಲ್ಲಿಸಿ, ದೂರದರ್ಶಕದ ಹಿಂದಿನ ಕ್ಯಾಮೆರಾ ಬಿಚ್ಚಿ, ಕಣ್ಣಿಟ್ಟು ನೋಡುವ ಮಸೂರ ಸಿಕ್ಕಿಸಿ ತಿರುಗಿಸಿದಳು. ಇನ್ನೂ ಬೆಳಕಿತ್ತು. ಒಳಗೆ ತೆಂಗಿನ ಗರಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಪುಟ್ಟಬಸಮ್ಮ ಬಹಳ ಹೊತ್ತು ನೋಡಿದಳು.

"ಹಿಂಗೆ ತಲೆಕೆಳಗೆ ಕಾಣೋದ್ರಲ್ಲಿ ಯಾವನು ಜಮೀನು ಅಳೀತಾನೆ" ಎಂದಳು. ಆದರೂ ಒಳಗಿನ ಅನುಮಾನ ಪೂರ್ತಿ ಹೋಗಲಿಲ್ಲ.

ಮರುದಿನ ಸಂಜೆ ಹಿತ್ತಿಲ ಹಳೇ ಒಲೆಯ ಮಸಿ ಹಿಡಿದ ಮೂರು ಕಲ್ಲುಗಳನ್ನು ಮಗನ ತಲೆ ಮೇಲೆ ಹೊರಿಸಿ ತಂದಳು.

"ಸುಣ್ಣದ ಕಲ್ಲು ಕಂಡ್ರೆ ಸರ್ಕಾರ ಬಂತು ಅಂತಾರೆ. ಒಲೆಕಲ್ಲು ಕಂಡ್ರೆ ಬೇಯಿಸ್ಕಂಡು ತಿನ್ನೋಳು ಇಲ್ಲೇ ಅವ್ಳೆ ಅಂತಾರೆ. ಇದ್ರ ಮೇಲೆ ನಿಲ್ಸು."

ತನ್ನ ಜಾತಿಯವರನ್ನು ಒಳಗೆ ಬಿಡದ ಆ ಮನೆಯ ಒಲೆಕಲ್ಲಿಗೆ ಕೈಹಾಕಲು ಯಶೋಧರಾ ಹಿಂಜರಿದಳು.

"ಮುಟ್ಟವ್ವ, ಕಲ್ಲು ತಾನೆ" ಎಂದಳು ಪುಟ್ಟಬಸಮ್ಮ, ಬೇರೆತ್ತಲೋ ನೋಡುತ್ತ.

ಯಶೋಧರಾ ಈಗಲೂ ನರಸೀಪುರದಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬೆಳದಿಂಗಳಿಲ್ಲದ ಸಂಜೆಗಳಲ್ಲಿ ಹೆಮ್ಮರಗಾಲದ ಬದುವಿಗೆ ಬಂದು ಧೂಮಕೇತುಗಳ ಸ್ಥಾನ ಅಳೆದು, ಅವುಗಳ ದಾರಿಯ ಲೆಕ್ಕ ಹಾಕುತ್ತಾಳೆ. ಅವಳು ಸ್ಟ್ಯಾಂಡು ಮಡಚಿ ಹೊರಡುವ ತನಕ ಪುಟ್ಟಬಸಮ್ಮ ಪಕ್ಕದಲ್ಲೇ ಕೂತು ಕಾಯುತ್ತಾಳೆ.