ಇನ್ನೊಂದೇ ಒಂದು ಚಮಚ

ಆ ಚಳಿಗಾಲವೆಲ್ಲ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿದ್ದ ನಮ್ಮ ಮನೆಯ ಸೋಫಾ ಆಸ್ಪತ್ರೆಯ ಮಂಚವಾಗಿತ್ತು. ಅದರ ಮೇಲೆ ಪೇಷೆಂಟಾಗಿ ಕೂರುತ್ತಿದ್ದವರು ನಮ್ಮ ಯಜಮಾನರು. ಮಗಳು ಕಾಲೇಜು ಸೇರಿದ ಮೇಲೆ ನಾನು ಸಹಾಯಕ ನರ್ಸ್ ತರಗತಿಗೆ ಸೇರಿದ್ದೆ. ಬರೆಯುವ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಪ್ರಾಕ್ಟಿಕಲ್ಲು: ಲಕ್ವ ಹೊಡೆದು ನುಂಗಲು ಕಷ್ಟಪಡುವವರಿಗೆ ಊಟ ಮಾಡಿಸುವುದು. ಅದರಲ್ಲಿ ಒಂದು ಸಲ ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ, ಹತ್ತಿರದ ವೃದ್ಧಾಶ್ರಮದಲ್ಲಿ ನನಗೆಂದು ಕಾದಿಟ್ಟಿದ್ದ ಕೆಲಸ ಬೇರೆಯವರಿಗೆ ಹೋಗುತ್ತಿತ್ತು.

ಗೊತ್ತಿಲ್ಲದೆ ಫೇಲಾದದ್ದಲ್ಲ. ಬೆನ್ನು ನೆಟ್ಟಗೆ ಕೂರಿಸಬೇಕು, ಗದ್ದ ತುಸು ಕೆಳಗಿರಬೇಕು, ಒಂದು ಚಮಚ ನುಂಗುವವರೆಗೆ ಇನ್ನೊಂದು ಕೊಡಬಾರದು, ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಬೇಕು, ಊಟವಾದ ತಕ್ಷಣ ಮಲಗಿಸಬಾರದು. ಎಲ್ಲ ಬಾಯಿಪಾಠ. ಆದರೆ ಪೇಷೆಂಟಿನ ಪಾತ್ರದಲ್ಲಿದ್ದ ಟೀಚರು ಸಾಕು ಅಂದಾಗ ನಾನು ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವಳ ಹಾಗೆ, ಇನ್ನೊಂದೇ ಒಂದು ಅಂತ ಚಮಚ ಹಿಡಿದು ಬೆನ್ನುಬಿದ್ದೆ. ಅವರು ಮುಖ ತಿರುಗಿಸಿದರು. ನಾನು ಆ ಕಡೆಗೂ ಹೋದೆ.

ಮನೆಯಲ್ಲಿ ಮಗಳೇ ಪರೀಕ್ಷಕಿ. ಯಜಮಾನರ ಎಡಗೈಗೆ ಲಕ್ವ ಅಂತ ತೀರ್ಮಾನವಾಗಿತ್ತು. ಆ ಕೈಯನ್ನೇ ಅವರು ಟೀವಿ ರಿಮೋಟಿಗೆ ಚಾಚುತ್ತಿದ್ದರು. ಓಟ್ಸ್ ಗಂಜಿ ನಾಲ್ಕು ಚಮಚ ಒಳಗೆ ಹೋಗುತ್ತಲೇ ಸಾಕು ಅನ್ನುತ್ತಿದ್ದರು, ನನ್ನ ಕೈ ತಾನಾಗಿ ಮೇಲೇಳುತ್ತಿತ್ತು, ಮಗಳು ಸ್ವೀಡಿಶ್‌ನಲ್ಲಿ ಫೇಲ್ ಅನ್ನುತ್ತಿದ್ದಳು.

"ಮದುವೆಯಾದಾಗಿಂದ ನಿಮ್ಮಮ್ಮ ಸಾಕು ಅನ್ನೋ ಮಾತು ಕೇಳಿಸ್ಕೊಂಡೇ ಇಲ್ಲ ಕಣೇ," ಅಂದರು ಯಜಮಾನರು, ಹೊಟ್ಟೆ ಸವರಿಕೊಳ್ಳುತ್ತಾ. "ಇದೇನು ಸುಮ್ನೆ ಬೆಳೀತಾ?"

ಮಗಳು ಒಂದು ಕಾನೂನು ತಂದಳು. ಪರೀಕ್ಷೆ ಮುಗಿಯುವವರೆಗೆ ನಾನು ಮನೆಯಲ್ಲಿ ಯಾರನ್ನೂ ಎರಡನೇ ಸಲ ಬಡಿಸಲಾ ಅಂತ ಕೇಳಬಾರದು. ಯಜಮಾನರು ಅಭ್ಯಾಸಬಲದಿಂದ ಮೊದಲ ದೋಸೆಗೇ ಸಾಕು ಅಂದುಬಿಡುತ್ತಿದ್ದರು. ನಾನು ಕಾವಲಿ ಇಳಿಸಿಬಿಡುತ್ತಿದ್ದೆ. ಆಮೇಲೆ ಅವರು ಫ್ರಿಜ್ಜಿನ ಸುತ್ತ ಸುಳಿದಾಡುವುದು ಕಾಣಿಸುತ್ತಿತ್ತು.

ಪರೀಕ್ಷೆಯ ದಿನ ಬಟ್ಟಲಲ್ಲಿ ಗಟ್ಟಿ ಬ್ಲೂಬೆರಿ ಸೂಪು. ಅರ್ಧವೂ ಖಾಲಿಯಾಗಿರಲಿಲ್ಲ, ಟೀಚರು ಸಾಕು ಅಂದರು. ನನ್ನ ಕೈ ಅರ್ಧದಾರಿಯವರೆಗೆ ಹೋಗಿಯೇಬಿಟ್ಟಿತು. ಹೇಗೋ ಚಮಚವನ್ನು ಬಟ್ಟಲಿಗೆ ಇಳಿಸಿ, ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೇ ಕೂತೆ. ಸರಿ, ಸಾಕಾದರೆ ನಿಲ್ಲಿಸೋಣ ಅಂದೆ. ಉಳಿದ ಕೈಯಲ್ಲಿ ಅವರ ಬಾಯಿ ಒರೆಸಿದೆ. ಪಾಸು.

ಆಮೇಲೆ ಫಿಕಾ, ಅಂದರೆ ಇಲ್ಲಿನವರ ಕಾಫಿ-ತಿಂಡಿ ಹೊತ್ತು. ಹೆದರಿಕೆಯಿಂದ ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಟೀಚರು ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದೆ ಹಿಡಿದರು. ಮೊದಲ ಸಲಕ್ಕೇ ಕೈಹಾಕುವುದುಂಟೇ? ಅಯ್ಯೋ ಬೇಡ ಅಂದೆ, ಇನ್ನೊಮ್ಮೆ ಹೇಳಲಿ ಅಂತ. ಅವರು ತಲೆಯಾಡಿಸಿ ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿದರು. ಆ ಬನ್ನು ಮೇಜಿನ ಆ ತುದಿ ಮುಟ್ಟುವವರೆಗೆ ನನ್ನ ಕಣ್ಣು ಅದರ ಮೇಲೇ ಇತ್ತು.

ಮನೆಗೆ ಬಂದು ಪಾಸಾದೆ ಅಂದೆ. ಮಗಳು ತಬ್ಬಿಕೊಂಡಳು. ಯಜಮಾನರು ತಾವೇ ಉಪ್ಪಿಟ್ಟು ಮಾಡಿಟ್ಟಿದ್ದರು, ಗೋಡಂಬಿ ಹಾಕಿ. ಮೊದಲು ತಿನ್ನು ಬಾ ಅಂದರು.

"ಬೇಡ ರೀ, ನೀವು ತಿನ್ನಿ," ಬಾಯಿಂದ ಬಂದೇಬಿಟ್ಟಿತು.

"ಬೇಡ ಅಂದ್ರೆ ಬೇಡ, ಪೇಷೆಂಟ್ ಮಾತೇ ಕೊನೆ," ಅನ್ನುತ್ತಾ ಅವರು, ಚಳಿಗಾಲವೆಲ್ಲ ಲಕ್ವ ಹೊಡೆದಿದ್ದ ಅದೇ ಎಡಗೈಯಲ್ಲಿ, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.